ಕಪ್ತಾನರ ಕಿರುಬೆರಳು

ನಮ್ಮ ಅತ್ತಿಗೆಯ ಕೆಲಸ ಪ್ರತಿಮೆ ತೊಳೆಯುವುದು. ಹೀಗೆಂದರೆ ಕೇಳಿದವರು ಮೊದಲು ನಗುತ್ತಾರೆ, ಆಮೇಲೆ "ಅದಕ್ಕೂ ಒಬ್ಬರು ಬೇಕಾ?" ಎನ್ನುತ್ತಾರೆ. ಬೇಕು ಸ್ವಾಮಿ. ನಮ್ಮ ಊರಿನಲ್ಲಿ ಹನ್ನೊಂದು ಕಂಚಿನ ಪ್ರತಿಮೆಗಳಿವೆ. ಜೀವಮಾನದಲ್ಲಿ ಕುದುರೆಯನ್ನೇ ಮುಟ್ಟಿರದ ಒಬ್ಬ ನ್ಯಾಯಾಧೀಶರು ಕುದುರೆಯ ಮೇಲೆ ಕೂತಿದ್ದಾರೆ, ಇಬ್ಬರು ಕವಿಗಳು ಒಬ್ಬರಿಗೊಬ್ಬರು ಬೆನ್ನು ಹಾಕಿ ನಿಂತಿದ್ದಾರೆ, ಬಂದರಿನ ಎದುರಿನ ವೃತ್ತದಲ್ಲಿ ನೌಕಾಪಡೆಯ ಕಪ್ತಾನರಿದ್ದಾರೆ. ಪಾರಿವಾಳಗಳಿಗೆ ಇವರಲ್ಲಿ ದೊಡ್ಡವರು ಚಿಕ್ಕವರು ಎಂಬ ಭೇದವಿಲ್ಲ. ಎಲ್ಲರ ನೆತ್ತಿಯ ಮೇಲೂ ಹಿಕ್ಕೆ ಹಾಕುತ್ತವೆ, ಆ ಹಿಕ್ಕೆ ಕಂಚನ್ನು ತಿನ್ನುತ್ತದೆ. ಉಳಿದದ್ದನ್ನು ಸಮುದ್ರದ ಉಪ್ಪುಗಾಳಿ ತಿನ್ನುತ್ತದೆ. ಅದಕ್ಕೇ ನಗರಸಭೆಯ ಉದ್ಯಾನ ಶಾಖೆಯಲ್ಲಿ ಅತ್ತಿಗೆ ಇದ್ದಾರೆ.

ಒಂದು ಬಕೆಟ್ ನೀರು, ಒಂದು ಚಮಚ ಮೆದು ಸೋಪು, ಉದ್ದ ಹಿಡಿಯ ಬ್ರಷ್ಷು, ಸಂದುಗೊಂದುಗಳಿಗೆ ಹಳೆಯ ಟೂತ್ ಬ್ರಷ್ಷು. ಏಣಿ ಹತ್ತಿ ಮೇಲಿನಿಂದ ಕೆಳಕ್ಕೆ ತೊಳೆಯುತ್ತಾರೆ. ಒರೆಸಿ, ಬಿಸಿಲಿಗೆ ಕಂಚು ಬೆಚ್ಚಗಾದ ಮೇಲೆ ಬಟ್ಟೆಯಲ್ಲಿ ಮೇಣ ಹಚ್ಚಿ ತಿಕ್ಕುತ್ತಾರೆ. ಹಸಿರು ಕಿಲುಬನ್ನು ಮಾತ್ರ ಕೆರೆಯುವುದಿಲ್ಲ. "ಅದು ಅವರ ಚರ್ಮ ಕಣೋ, ಕಿತ್ತರೆ ಗಾಯ ಆಗುತ್ತೆ" ಎನ್ನುತ್ತಿದ್ದರು ಒಂದು ಕಾಲದಲ್ಲಿ. ಅವರು ಹೊರಗೆ ನೀರು ಹೊಯ್ಯುತ್ತಾರೆ, ನಾನು ಅದೇ ಶಾಖೆಯ ಗುಮಾಸ್ತ, ಒಳಗೆ ಕೂತು ಕಾಗದಗಳಿಗೆ ಸೀಲು ಹೊಡೆಯುತ್ತೇನೆ. ಇಬ್ಬರಲ್ಲಿ ಊರಿಗೆ ಉಪಯೋಗ ಯಾರಿಂದ ಎಂದು ಕೇಳಬೇಡಿ.

ಕಪ್ತಾನರ ವಿಷಯ ಹೇಳಬೇಕು. ಯುದ್ಧದಲ್ಲಿ ಹಡಗಿಗೆ ಪೆಟ್ಟು ಬಿದ್ದಾಗ ಉಳಿದವರನ್ನೆಲ್ಲ ದೋಣಿಗಳಿಗೆ ಇಳಿಸಿ, ಇಳಿಯಲಾಗದ ಗಾಯಾಳುಗಳ ಜೊತೆ ತಾವು ಹಡಗಿನಲ್ಲೇ ನಿಂತವರು. ಹಡಗು ಮುಳುಗಿತು, ದೇಹ ಸಿಗಲಿಲ್ಲ. ಪೀಠದ ಕಲ್ಲಿನಲ್ಲಿ ಇದನ್ನೆಲ್ಲ ಕೆತ್ತಿದ್ದಾರೆ. ಕೆತ್ತದೆ ಬಿಟ್ಟದ್ದು ಒಂದಿದೆ. ಕುತ್ತಿಗೆಯಿಂದ ಕೆಳಗೆ ಆ ಪ್ರತಿಮೆ ನಮ್ಮಣ್ಣನದು.

ಯುದ್ಧವಾಗಿ ಇಪ್ಪತ್ತೈದು ವರ್ಷಗಳ ಮೇಲೆ ಪ್ರತಿಮೆ ನಿಲ್ಲಿಸಲು ಹೊರಟಾಗ ಕಪ್ತಾನರ ಮನೆಯಲ್ಲಿ ಸಿಕ್ಕಿದ್ದು ಎದೆಯ ತನಕದ ಒಂದೇ ಒಂದು ಫೋಟೋ. ಶಿಲ್ಪಿ ಮೈಗೋಸ್ಕರ ಹುಡುಕಿಕೊಂಡು ಬಂದರಿಗೆ ಬಂದ. ಅಲ್ಲಿ ಕ್ರೇನಿನಿಂದ ಇಳಿಯುತ್ತಿದ್ದ ಅಣ್ಣನ ಭುಜ ನೋಡಿ ಅಲ್ಲೇ ನಿಂತುಬಿಟ್ಟನಂತೆ. ನಾಲ್ಕು ತಿಂಗಳು, ಪ್ರತಿ ಭಾನುವಾರ, ಮಂಜುಗಡ್ಡೆ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಅಣ್ಣ ಎರವಲು ತಂದ ಸಮವಸ್ತ್ರ ತೊಟ್ಟು ನಿಂತ. ಬಲಗೈಯಲ್ಲಿ ದುರ್ಬೀನು, ಎಡಗೈ ಹಡಗಿನ ಕಟಕಟೆಯ ಮೇಲೆ. ಕಟಕಟೆ ಎಂದರೆ ಹಳೆಯ ಮಂಚದ ಕಾಲು. "ಸುಮ್ಮನೆ ನಿಲ್ಲೋದೇ ಇಷ್ಟು ಕಷ್ಟ ಅಂತ ಗೊತ್ತಿದ್ದರೆ ನಾನು ಕೆಲಸ ಮಾಡೋದನ್ನ ಬೈತಿರಲಿಲ್ಲ" ಎಂದು ಮನೆಗೆ ಬಂದು ಸೊಂಟ ಹಿಡಿದುಕೊಂಡು ಹೇಳುತ್ತಿದ್ದ.

ಅಣ್ಣನ ಎಡಗೈ ಕಿರುಬೆರಳು ಸೊಟ್ಟ. ನಡುಗೆಣ್ಣಿನಲ್ಲಿ ಹೊರಕ್ಕೆ ಬಾಗಿ, ಯಾರನ್ನೋ ಕರೆಯುತ್ತಿರುವ ಹಾಗೆ ಇರುತ್ತಿತ್ತು. ಅದನ್ನು ಹಾಗೆ ಮಾಡಿದವನು ನಾನೇ. ನನಗೆ ಆರು ವರ್ಷ, ಅವನಿಗೆ ಹತ್ತು. ಯಾವುದಕ್ಕೋ ಸಿಟ್ಟು ಬಂದು ಬಾಗಿಲನ್ನು ದಢಾರನೆ ಹಾಕಿದೆ. ಸಂದಿನಲ್ಲಿ ಅವನ ಬೆರಳಿತ್ತು. ಅಪ್ಪನ ಹತ್ತಿರ ಅವನು ನನ್ನ ಹೆಸರು ಹೇಳಲಿಲ್ಲ, ಗಾಳಿಗೆ ಬಾಗಿಲು ಬಡಿಯಿತು ಅಂದ. ಬೆರಳು ಸೊಟ್ಟಗೇ ಕೂಡಿಕೊಂಡಿತು. ಫೋಟೋ ತೆಗೆಸುವಾಗಲೆಲ್ಲ ಆ ಕೈಯನ್ನು ಜೇಬಿಗೆ ಹಾಕುತ್ತಿದ್ದ, ಮದುವೆಯ ಫೋಟೋದಲ್ಲೂ ಹಾಗೇ. ಶಿಲ್ಪಿ ಜೇಡಿಮಣ್ಣಿನಲ್ಲಿ ಬೆರಳನ್ನು ನೇರ ಮಾಡುತ್ತೇನೆ ಎಂದಿದ್ದವನು ಆಮೇಲೆ ಅದರ ಮೇಲೆ ಮನಸ್ಸಾಗಿ, "ಹಡಗಿನವರ ಕೈ ಅಲ್ವಾ, ಹೀಗೇ ಇರಲಿ" ಎಂದು ಹಾಗೇ ಎರಕ ಹೊಯ್ಯಿಸಿಬಿಟ್ಟ. ನಮ್ಮ ಮನೆಯಿಂದ ನೌಕಾಪಡೆಗೆ ಸಂದ ಸೇವೆ ಎಂದರೆ ಆ ಬೆರಳು. ಅದರಲ್ಲಿ ನನ್ನ ಪಾಲೂ ಇದೆ.

ಅನಾವರಣದ ದಿನ ಅಣ್ಣ ಅತ್ತಿಗೆ ಜನರ ಹಿಂದೆ ನಿಂತು ನೋಡಿದರು. ಯಾರೂ ಅವನನ್ನು ಕರೆಯಲಿಲ್ಲ, ಅವನಿಗೂ ಬೇಕಿರಲಿಲ್ಲ. ಮರುತಿಂಗಳು ನಗರಸಭೆ ಪ್ರತಿಮೆಗಳನ್ನು ತೊಳೆಯಲು ಆಳು ಬೇಕೆಂದಾಗ ಅತ್ತಿಗೆಯಿಂದ ಅರ್ಜಿ ಹಾಕಿಸಿದವನು ಅವನೇ.

"ನನ್ನ ಮೈ ತೊಳೆಯೋಕೆ ಬೇರೆಯವರು ಯಾಕೆ ಬರಬೇಕು ಹೇಳೇ?"

"ಮನೇಲಿ ಬೆನ್ನು ಉಜ್ಜೋದು ಸಾಲದಾ ರೀ?" ಎಂದಿದ್ದರು ಅತ್ತಿಗೆ. ಅರ್ಜಿ ಹಾಕಿದರು, ಕೆಲಸವೂ ಸಿಕ್ಕಿತು.

ಆಮೇಲಿನ ವರ್ಷಗಳಲ್ಲಿ ಕಪ್ತಾನರ ಸರದಿ ಬಂದ ದಿನ ಅತ್ತಿಗೆಯ ಮುಖ ನೋಡಿಯೇ ಹೇಳಬಹುದಿತ್ತು. "ಕುತ್ತಿಗೆಯಿಂದ ಮೇಲೆ ಸರ್ಕಾರದ್ದು, ಕೆಳಗೆ ನಂದು" ಎನ್ನುತ್ತಿದ್ದರು. ಸರ್ಕಾರದ್ದನ್ನು ಐದು ನಿಮಿಷದಲ್ಲಿ ಮುಗಿಸಿ ತಮ್ಮದಕ್ಕೆ ಇಳಿಯುತ್ತಿದ್ದರು. ಕೊನೆಗೆ ಆ ಬೆರಳಿಗೆ ಬಂದು ಎರಡು ಸಲ ಹೆಚ್ಚು ತಿಕ್ಕುತ್ತಿದ್ದರು. ಇಡೀ ಪ್ರತಿಮೆ ಹಸಿರುಗಪ್ಪಾದರೂ ಅದೊಂದು ಬೆರಳು ಹೊಳೆಯುತ್ತಲೇ ಇತ್ತು. ಬಂದರಿನ ಗೇಟಿನಿಂದ ಊಟದ ಬಿಡುವಿಗೆ ಹೊರಬಂದ ಅಣ್ಣ ರಸ್ತೆಯಾಚೆಯಿಂದ "ಮೆಲ್ಲಗೆ ಕಣೇ, ಕಚಗುಳಿ ಆಗುತ್ತೆ" ಎಂದು ಕೂಗುತ್ತಿದ್ದ. ಜೊತೆಗಾರರು ಹೋ ಎನ್ನುತ್ತಿದ್ದರು. ಅವರಿಗೆ ಮಕ್ಕಳಾಗಲಿಲ್ಲ. ಇದ್ದ ಸಲಿಗೆಯೆಲ್ಲ ಅವರವರಲ್ಲೇ ಖರ್ಚಾಗುತ್ತಿತ್ತು.

ಏಳು ತಿಂಗಳ ಹಿಂದೆ ಅಣ್ಣ ಹೋದ. ಬೆಳಿಗ್ಗೆ ಕೆಲಸಕ್ಕೆ ಹೊರಟು ಶೂ ಹಾಕಿಕೊಳ್ಳಲು ಬಗ್ಗಿದವನು ಮತ್ತೆ ಏಳಲಿಲ್ಲ. ಒಂದು ಶೂವಿನ ಲೇಸು ಕಟ್ಟಿ ಮುಗಿದಿತ್ತು, ಇನ್ನೊಂದರದು ಇಲ್ಲ. ಆ ಜೋಡಿ ಈಗಲೂ ಬಾಗಿಲ ಪಕ್ಕ ಹಾಗೇ ಇದೆ, ಅತ್ತಿಗೆ ಅದರ ಸುತ್ತ ಗುಡಿಸುತ್ತಾರೆ.

ಅತ್ತಿಗೆ ಅಳಲಿಲ್ಲ. ಬಂದವರಿಗೆಲ್ಲ ಕುರ್ಚಿ ಹಾಕಿದರು, ನೀರು ಕೊಟ್ಟರು, ಯಾರ ಚಪ್ಪಲಿಯೋ ಅದಲು ಬದಲಾಗಿದ್ದಕ್ಕೆ ಹುಡುಕಿಕೊಟ್ಟರು. ಐದನೆಯ ದಿನ ಕೆಲಸಕ್ಕೆ ಬಂದರು. ನನ್ನ ಹೆಂಡತಿ, "ಒಂದು ಸಲ ಅತ್ತುಬಿಡಿ ಅಕ್ಕಾ, ಹಗುರ ಆಗುತ್ತೆ" ಎಂದಳು.

"ಬಂದ್ರೆ ಅಳ್ತಿದ್ದೆ ಕಣಮ್ಮಾ. ಬರ್ತಾನೇ ಇಲ್ಲ. ಏನ್ ಮಾಡ್ಲಿ?"

ಒಂದು ದಿನ ನನ್ನ ಹತ್ತಿರವೂ ಹೇಳಿದರು. "ಹಲ್ಲು ಕೀಳೋಕೆ ಮುಂಚೆ ಸೂಜಿ ಚುಚ್ತಾರಲ್ಲ, ತುಟಿ ನಂದೋ ಇನ್ನೊಬ್ಬರದ್ದೋ ಗೊತ್ತಾಗಲ್ಲ. ಮೈಯೆಲ್ಲ ಹಾಗೆ ಮರಗಟ್ಟಿದೆ ಕಣೋ." ಉಪ್ಪು ಹಾಕುವುದು ಮರೆತ ಊಟವನ್ನು ಪೂರ್ತಿ ಮುಗಿಸಿ ಕೈ ತೊಳೆಯುತ್ತಿದ್ದರು. ಕೇಳಿದ್ದಕ್ಕೆ ಹೂಂ, ಕೇಳದಿದ್ದಕ್ಕೂ ಹೂಂ. ಕಪ್ತಾನರ ಸರದಿ ಬಂದ ದಿನ ನಾನು ಕಚೇರಿ ಬಿಟ್ಟು ನೋಡಲು ಹೋದೆ. ಮೇಲಿನಿಂದ ಕೆಳಕ್ಕೆ ತೊಳೆದರು, ಒರೆಸಿದರು, ಮೇಣ ತಿಕ್ಕಿದರು. ನ್ಯಾಯಾಧೀಶರ ಕುದುರೆಗೆ ಎಷ್ಟು ಹೊತ್ತೋ ಅಷ್ಟೇ ಹೊತ್ತು. ಬೆರಳಿಗೆ ಉಳಿದ ಒಂಬತ್ತು ಬೆರಳುಗಳಷ್ಟೇ. ಆಮೇಲೆ ಏಣಿ ಮಡಿಸಿಕೊಂಡು ಕವಿಗಳ ಕಡೆ ಹೊರಟರು. ನನಗೆ ಅಣ್ಣ ಸತ್ತ ದಿನಕ್ಕಿಂತ ಅವತ್ತು ಹೆಚ್ಚು ಭಯವಾಯಿತು.

ವರ್ಷಕ್ಕೊಮ್ಮೆ ಪ್ರತಿಯೊಂದು ಪ್ರತಿಮೆಗೂ ಒಂದು ತಪಾಸಣೆ ನಮೂನೆ ತುಂಬಬೇಕು. ತುಂಬುವವರು ಅತ್ತಿಗೆ, ಸೀಲು ಹೊಡೆದು ಮೇಲಕ್ಕೆ ಕಳಿಸುವವನು ನಾನು. ಒಂಬತ್ತನೆಯ ಕಾಲಮ್ಮು "ಅಂಗದೋಷ". ಹತ್ತೊಂಬತ್ತು ವರ್ಷ ಕಪ್ತಾನರ ನಮೂನೆಯಲ್ಲಿ ಅತ್ತಿಗೆ ಅಲ್ಲಿ "ಇಲ್ಲ" ಎಂದು ಬರೆದಿದ್ದರು. ಬರೆದು ನನ್ನ ಕಡೆ ಓರೆಗಣ್ಣಿಂದ ನೋಡಿ ನಗುತ್ತಿದ್ದರು. ಈ ವರ್ಷ ಶಾಖೆಗೆ ಹೊಸ ಎಂಜಿನಿಯರು ಸಾಹೇಬರು ಬಂದರು. ಹೋದ ವರ್ಷದ್ದನ್ನು ನೋಡಿ ನಕಲು ಮಾಡಕೂಡದು, ಕಣ್ಣಿಗೆ ಕಂಡದ್ದನ್ನು ಕಂಡ ಹಾಗೆ ಬರೆಯಬೇಕು ಎಂದು ಸುತ್ತೋಲೆ ಹೊರಡಿಸಿದರು. ಇಂಥ ಸುತ್ತೋಲೆಗಳನ್ನು ನಾವು ಗೋಡೆಗೆ ಅಂಟಿಸಿ ಅಲ್ಲಿಗೆ ಮರೆಯುತ್ತೇವೆ. ಅತ್ತಿಗೆ ಮರೆಯಲಿಲ್ಲ. ಅಥವಾ, ಮರೆಯುವುದಕ್ಕೂ ಒಂದು ಮನಸ್ಸು ಬೇಕು, ಅವರಲ್ಲಿ ಅದು ಇರಲಿಲ್ಲ.

ಹನ್ನೊಂದು ನಮೂನೆಗಳು ಮೇಜಿಗೆ ಬಂದವು. ನಾನು ಮೂಲೆ ಎತ್ತಿ ಮೂಲೆ ಎತ್ತಿ ಹನ್ನೊಂದಕ್ಕೂ ಸೀಲು ಹೊಡೆದೆ. ಒಂದನ್ನೂ ಓದಲಿಲ್ಲ. ಇಪ್ಪತ್ತು ವರ್ಷದಲ್ಲಿ ಓದಿದವನೇ ಅಲ್ಲ ನಾನು.

ಮೇಲಿನವರು ಓದಿದರು. ಮೂರು ವಾರದ ಮೇಲೆ ಕಡತ ವಾಪಸು ಬಂದಾಗ ಅದರ ಮೇಲೆ ಕೆಂಪು ಶಾಯಿಯಲ್ಲಿ ಬರೆದಿತ್ತು: ವೀರ ನಾವಿಕರ ಪ್ರತಿಮೆಯಲ್ಲಿನ ದೋಷವನ್ನು ಕೂಡಲೇ ಸರಿಪಡಿಸುವುದು, ಬೆರಳನ್ನು ಕತ್ತರಿಸಿ ನೇರ ಬೆರಳನ್ನು ಬೆಸುಗೆ ಹಾಕುವುದು, ಕುಟುಂಬದವರ ಒಪ್ಪಿಗೆ ಪಡೆಯುವುದು. ಕೆಳಗಿದ್ದ ನಮೂನೆಯನ್ನು ಆಗ ಓದಿದೆ. ಅತ್ತಿಗೆಯ ದುಂಡನೆಯ ಅಕ್ಷರ. "ಎಡಗೈ ಕಿರುಬೆರಳು ನಡುಗೆಣ್ಣಿನಲ್ಲಿ ಸೊಟ್ಟ." ಪಕ್ಕದಲ್ಲಿ ನನ್ನ ಸೀಲು, ಸ್ವಲ್ಪವೂ ಓರೆಯಿಲ್ಲದೆ.

ಉಗ್ರಾಣದಲ್ಲಿ ಬ್ರಷ್ಷು ತೊಳೆಯುತ್ತಿದ್ದ ಅತ್ತಿಗೆಯ ಮುಂದೆ ಕಾಗದ ಹಿಡಿದೆ. ಅವರ ಹತ್ತಿರ ಅಷ್ಟು ಜೋರಾಗಿ ಮಾತಾಡಿದ್ದು ಅದೇ ಮೊದಲು.

"ಏನು ಬರೆದಿದ್ದೀರಿ ಅತ್ತಿಗೆ ಇದು?"

"ಇರೋದು ಬರೆದೆ. ಸೊಟ್ಟ ಇದೆ, ಸೊಟ್ಟ ಅಂದೆ."

"ಅದು ಯಾರ ಬೆರಳು ಅಂತ ನೆನಪಾಗಲಿಲ್ವಾ?"

ಅವರು ಬ್ರಷ್ಷನ್ನು ಕೊಡವಿದರು. "ನೆನಪಿತ್ತಪ್ಪಾ. ನೆನಪಿದ್ರೂ ಏನೂ ಆಗಲಿಲ್ಲ." ಅದನ್ನು ಗೋಡೆಗೆ ಒರಗಿಸಿ ಕೇಳಿದರು, "ಕತ್ತರಿಸ್ತಾರಾ?"

"ಹೂಂ. ಬರೋ ಗುರುವಾರ."

"ಕಂಚು ಬಿಡು. ನೋವಾಗಲ್ಲ."

ನನಗೆ ಮೈ ಉರಿಯಿತು. ಅವರಿಗೆ ಬೈಯುವ ಹಾಗಿರಲಿಲ್ಲ, ಓದದೆ ಸೀಲು ಒತ್ತಿದವನು ನಾನು. ಒಮ್ಮೆ ಬಾಗಿಲಿನಲ್ಲಿ ಮುರಿದವನೂ ನಾನೇ, ಈಗ ಕತ್ತರಿಸಲು ಕಳಿಸಿದವನೂ ನಾನೇ.

ಎರಡು ದಿನ ಕಳೆಯಿತು. ಮಂಗಳವಾರ ಮಧ್ಯಾಹ್ನ ನೇರ ನನ್ನ ಮೇಜಿಗೆ ಬಂದು ನಿಂತರು. ಕೈಯಲ್ಲಿ ಮನೆಯ ಫೋಟೋಗಳಿದ್ದ ಬಿಸ್ಕತ್ತಿನ ಡಬ್ಬಿ.

"ಎಲ್ಲ ಹುಡುಕಿದೆ ಕಣೋ. ಒಂದರಲ್ಲೂ ಆ ಕೈ ಇಲ್ಲ. ಎಲ್ಲದರಲ್ಲೂ ಜೇಬಲ್ಲಿದೆ."

ಒಂದೊಂದಾಗಿ ಮೇಜಿನ ಮೇಲೆ ಇಟ್ಟರು. ಮದುವೆ, ಬಂದರಿನ ಗೇಟು, ನನ್ನ ಮದುವೆ, ಆಸ್ಪತ್ರೆಯಲ್ಲಿ ಅಪ್ಪನ ಪಕ್ಕ. ಎಲ್ಲ ಕಡೆಯೂ ಅಣ್ಣ ಹಲ್ಲು ಬಿಟ್ಟು ನಗುತ್ತಾ, ಎಡಗೈ ಜೇಬಿನಲ್ಲಿ.

"ಅಂದರೆ ಅಲ್ಲೊಂದು ಕಡೆನೇ ಇರೋದು. ಬೇರೆಲ್ಲೂ ಇಲ್ಲ" ಎಂದರು ಅತ್ತಿಗೆ. ದನಿಯಲ್ಲಿ ಏರಿಳಿತವಿರಲಿಲ್ಲ, ಉಗ್ರಾಣದಲ್ಲಿ ಮೇಣ ಮುಗಿದಿದೆ ಎಂದು ಹೇಳುವಾಗಿನ ದನಿಯೇ. "ನಾನು ಸಾಹೇಬರಿಗೆ ಹೇಳ್ತೀನಿ. ಅದು ದೋಷ ಅಲ್ಲ, ಬೆರಳು ನಮ್ಮನೆಯವರದ್ದು, ಮುಟ್ಟಬೇಡಿ ಅಂತ."

ಇಬ್ಬರೂ ಸಾಹೇಬರ ಕೋಣೆಗೆ ಹೋದೆವು. ಅವರು ಕೆಟ್ಟವರಲ್ಲ, ಕಾಗದ ಓದುವ ಮನುಷ್ಯ ಅಷ್ಟೆ. ಅತ್ತಿಗೆ "ಆ ಬೆರಳಿನ ವಿಷಯ ಒಂದು ಹೇಳೋದಿದೆ ಸಾರ್" ಎನ್ನುವಷ್ಟರಲ್ಲೇ ಕೈ ಎತ್ತಿದರು.

"ನೋಡಿಮ್ಮಾ, ನನ್ನ ಹತ್ತಿರ ಹೇಳಿ ಪ್ರಯೋಜನ ಇಲ್ಲ. ಕಪ್ತಾನರ ಮಗಳು ಗುರುವಾರ ಬರ್ತಿದ್ದಾರೆ. ಅವರು ಬೇಡ ಅಂದರೆ ನಿಲ್ಲಿಸ್ತೀನಿ, ಮಾಡಿ ಅಂದರೆ ಮಾಡಿಸ್ತೀನಿ. ಏನಿದ್ದರೂ ಅವರ ಮುಂದೆ ಹೇಳಿ."

ಬುಧವಾರ ಅತ್ತಿಗೆ ಹೇಳಬೇಕಾದ ಮಾತನ್ನು ನನ್ನ ಮುಂದೆ ಎರಡು ಸಲ ಒಪ್ಪಿಸಿದರು. ಶಿಲ್ಪಿ, ಶೆಡ್ಡು, ಭಾನುವಾರ, ಮಂಚದ ಕಾಲು. ಶಿಲ್ಪಿ ಸತ್ತು ಎಂಟು ವರ್ಷವಾಗಿತ್ತು, ಶೆಡ್ಡು ಈಗ ಗೋದಾಮು. "ನಂಬ್ತಾರಾ?" ಎಂದು ಕೇಳಿದರು. ಬಾಗಿಲು ಹಾಕಿದವನು ನಾನೇ ಎಂದು ನಾನೂ ಹೇಳುತ್ತೇನೆ ಎಂದೆ.

ಗುರುವಾರ ಬೆಳಿಗ್ಗೆ ಹತ್ತಕ್ಕೆ ವೃತ್ತದಲ್ಲಿ ಎಲ್ಲರೂ ಸೇರಿದೆವು. ಬೆಸುಗೆಯವನು ಸಿಲಿಂಡರು ಇಳಿಸಿ, ಹೊಸ ಬೆರಳನ್ನು ಬಟ್ಟೆ ಹಾಸಿ ಪೀಠದ ಮೇಲೆ ಇಟ್ಟಿದ್ದ. ನೆಟ್ಟಗೆ, ನುಣ್ಣಗೆ, ಯಾರ ಕೈಗೂ ಸೇರದ ಬೆರಳು. ಅತ್ತಿಗೆ ಬೆಳಿಗ್ಗೆಯೇ ಬಂದು ಪ್ರತಿಮೆ ತೊಳೆದು, ಏಣಿಯ ಪಕ್ಕ ಬಕೆಟ್ ಹಿಡಿದು ನಿಂತಿದ್ದರು. ಕಪ್ತಾನರ ಮಗಳು ಟ್ಯಾಕ್ಸಿಯಲ್ಲಿ ಬಂದರು. ಐವತ್ತರ ಆಸುಪಾಸು, ಕತ್ತರಿಸಿದ ನರೆಗೂದಲು, ಶಾಲೆಯ ಟೀಚರಮ್ಮನ ಹಾಗೆ ದೊಡ್ಡ ಕೈಚೀಲ.

ಸಾಹೇಬರು ವಿವರಿಸಿದರು. ದೋಷ, ನಮೂನೆ, ಆದೇಶ. "ಈ ಅಮ್ಮ ಇಲ್ಲಿ ತೊಳೆಯೋವರು. ಇವರೂ ಏನೋ ಹೇಳಬೇಕಂತೆ."

ಅತ್ತಿಗೆ ಬಕೆಟ್ ಕೆಳಗಿಟ್ಟರು. ಆದರೆ ಆ ಹೆಂಗಸು ಯಾರ ಮಾತನ್ನೂ ಕೇಳಿಸಿಕೊಂಡ ಹಾಗಿರಲಿಲ್ಲ. ತಲೆಯೆತ್ತಿ ಆ ಕೈಯನ್ನೇ ನೋಡುತ್ತಿದ್ದವರು, "ಹತ್ತಬಹುದಾ?" ಎಂದರು. ಯಾರೂ ಉತ್ತರಿಸುವ ಮೊದಲೇ ಕೈಚೀಲ ನನ್ನ ಕೈಗೆ ತುರುಕಿ ಏಣಿ ಹತ್ತಿದರು. ಕಟಕಟೆಯ ಮೇಲಿದ್ದ ಕೈಯ ಎದುರು ನಿಂತು, ತಮ್ಮ ಕಿರುಬೆರಳನ್ನು ಆ ಸೊಟ್ಟ ಬೆರಳಿಗೆ ಕೊಕ್ಕೆಯ ಹಾಗೆ ಸಿಕ್ಕಿಸಿದರು.

"ಇದನ್ನ ಕತ್ತರಿಸಬೇಕು ಅಂತ ಯಾರು ಬರೆದಿದ್ದು?" ಎಂದರು ಮೇಲಿನಿಂದಲೇ.

ಸಾಹೇಬರು ಕಡತ ತಿರುವಿದರು.

"ಅಪ್ಪ ಹೋದಾಗ ನನಗೆ ನಾಲ್ಕು ವರ್ಷ. ಮುಖ ನೆನಪಿಲ್ಲ, ದನಿ ನೆನಪಿಲ್ಲ. ಬೇರೆಯವರು ಹೇಳಿದ್ದೇ ಎಲ್ಲ. ನನ್ನದು ಅಂತ ಇರೋದು ಇದೊಂದೇ." ಅವರು ಬೆರಳನ್ನು ಬಿಡಲಿಲ್ಲ. "ಈ ಬೆರಳು ಹಿಡ್ಕೊಂಡು ನಡೀತಿದ್ದೆ ನಾನು. ಇಡೀ ಕೈ ಹಿಡಿಯೋಕಾಗ್ತಿರಲಿಲ್ಲ, ಚಿಕ್ಕವಳು. ಈ ಸೊಟ್ಟಕ್ಕೆ ನನ್ನ ಬೆರಳು ಸರಿಯಾಗಿ ಕೂರ್ತಿತ್ತು. ಅನಾವರಣದ ದಿನ ಇದನ್ನ ನೋಡಿ ಶಿಲ್ಪಿಗೆ ಹೇಗೆ ಗೊತ್ತಾಯ್ತು ಅಂತ ಆಶ್ಚರ್ಯ ಆಗಿತ್ತು. ಕೇಳೋಣ ಅಂತಿದ್ದೆ, ಕೇಳಲಿಲ್ಲ."

ನಾನು ನೆಲ ನೋಡಿದೆ. ಕಪ್ತಾನರ ಬೆರಳು ಹೇಗಿತ್ತೋ ಯಾರಿಗೆ ಗೊತ್ತು. ಇಪ್ಪತ್ತು ವರ್ಷಗಳ ಹಿಂದೆ ಕಂಡ ನಮ್ಮಣ್ಣನ ಬೆರಳು ಅವರ ನಾಲ್ಕು ವರ್ಷದ ನೆನಪಿನೊಳಗೆ ಹೋಗಿ ಕೂತುಬಿಟ್ಟಿತ್ತು. ಅದನ್ನು ಅಲ್ಲಿಂದ ಈಗ ಕೀಳಬಹುದಾಗಿತ್ತು. ಅತ್ತಿಗೆ ಬಾಯಿ ತೆರೆದರೆ ಸಾಕಿತ್ತು. ಬಾಗಿಲಿನ ಸಾಕ್ಷಿಗೆ ನಾನಿದ್ದೆ.

ಆ ಹೆಂಗಸು ಕೆಳಗೆ ನೋಡಿದರು. "ನೀವೇನಾ ಅಪ್ಪನ್ನ ನೋಡಿಕೊಳ್ಳೋದು? ಈ ಬೆರಳನ್ನ ಎಷ್ಟು ಹೊಳಪಾಗಿ ಇಟ್ಟಿದ್ದೀರಿ. ಏನೋ ಹೇಳಬೇಕು ಅಂತಿದ್ರಲ್ಲ, ಹೇಳಿಮ್ಮಾ."

ಅತ್ತಿಗೆ ಅವರ ಬೆರಳನ್ನೂ ಆ ಬೆರಳನ್ನೂ ನೋಡಿದರು. ಬೆಸುಗೆಯವನು ಸಿಲಿಂಡರಿನ ಮೇಲೆ ಕೂತುಬಿಟ್ಟಿದ್ದ.

"ಏನಿಲ್ಲಮ್ಮಾ. ಏಣಿ ಒದ್ದೆ ಇದೆ. ನೋಡ್ಕೊಂಡು ಇಳೀರಿ, ನಾನು ಹಿಡ್ಕೊಂಡಿದ್ದೀನಿ."

ಎರಡು ಕೈಯಲ್ಲೂ ಏಣಿ ಹಿಡಿದು ಅವರನ್ನು ಇಳಿಸಿಕೊಂಡರು.

ಮಧ್ಯಾಹ್ನ ಸಾಹೇಬರು ಕಡತ ಕಳಿಸಿದರು. ಇನ್ನು ಯಾರೂ ಮತ್ತೆ ಇದಕ್ಕೆ ಕೈ ಹಾಕಬಾರದು, ಆದ್ದರಿಂದ ನಮೂನೆಯಲ್ಲೇ ತಿದ್ದುಪಡಿ ಬರೆಸಿ, ಮೊದಲು ಬರೆದವರ ಕೈಯಿಂದಲೇ, ಎಂದಿದ್ದರು. ಅತ್ತಿಗೆ ಗಮ್‌ಬೂಟು ಬಾಗಿಲ ಹೊರಗೆ ಕಳಚಿ ಬಂದು ನನ್ನ ಎದುರಿನ ಬೆಂಚಿನಲ್ಲಿ ಕೂತರು. ಪೆನ್ನು ಕೊಟ್ಟೆ. ನಿಧಾನವಾಗಿ, ಒಂದೂ ಕಾಟು ಹೊಡೆಯದೆ ಬರೆದು ನನ್ನ ಕಡೆ ತಳ್ಳಿದರು.

"ಎಡಗೈ ಕಿರುಬೆರಳು ಸೊಟ್ಟಗಿರುವುದು ದೋಷವಲ್ಲ. ಕಪ್ತಾನರ ಬೆರಳು ಹಾಗೆಯೇ ಇತ್ತು. ಅವರ ಮಗಳು ಗುರುತಿಸಿದ್ದಾರೆ."

"ಓದಿದೆಯಾ?" ಎಂದರು.

"ಓದಿದೆ ಅತ್ತಿಗೆ."

"ಸರಿ ಇದೆಯಾ?"

ಬಾಗಿಲು, ಅದರ ಸಂದು, ಗಾಳಿಗೆ ಬಡಿಯಿತು ಎಂದು ಅಪ್ಪನಿಗೆ ಹೇಳಿದ ಅಣ್ಣನ ಮುಖ, ಎಲ್ಲ ಕಣ್ಣ ಮುಂದೆ ಬಂತು. "ಸರಿ ಇದೆ" ಎಂದೆ. ಸೀಲು ಒತ್ತಿದೆ. ಈ ಸಲ ಅದು ಓರೆಯಾಗಿ ಬಿತ್ತು.

ಅತ್ತಿಗೆ ಕಾಗದವನ್ನೇ ನೋಡುತ್ತಿದ್ದರು. "ಕುತ್ತಿಗೆಯಿಂದ ಕೆಳಗೂ ಕಪ್ತಾನರದೇ ಆಯ್ತು ಈಗ" ಎಂದರು. ಆಮೇಲೆ ಅವರ ತುಟಿಯ ಒಂದು ಕೊನೆ ಅಲುಗಿತು. ಏಳು ತಿಂಗಳ ಮೇಲೆ ಕಂಡ ನಗು, ಹತ್ತೊಂಬತ್ತು ವರ್ಷ ಆ ಕಾಲಮ್ಮಿನ ಎದುರು ನಕ್ಕ ಅದೇ ಕಳ್ಳ ನಗು.

"ಪೂರ್ತಿ ಕಪ್ತಾನ ಆಗಿಹೋದರಲ್ಲೋ! ತಡಿ, ಸಂಜೆ ನಿಮ್ಮಣ್ಣಂಗೆ ಹೇಳ್ತೀನಿ, ಬಿದ್ದು ಬಿದ್ದು ನಗ್ತಾ..."

ಮಾತು ಅಲ್ಲಿಗೆ ನಿಂತಿತು. ಅವರು ನನ್ನ ಮುಖ ನೋಡಿದರು, ನಾನು ಏನಾದರೂ ಹೇಳುತ್ತೇನೋ ಎಂಬಂತೆ. ಆಗ ಅತ್ತಿಗೆ ಬೆಂಚಿನಲ್ಲೇ ಬಗ್ಗಿ, ಸೋಪಿನ ವಾಸನೆಯ ಎರಡು ಕೈಗಳನ್ನೂ ಮುಖಕ್ಕೆ ಒತ್ತಿಕೊಂಡು ಅಳತೊಡಗಿದರು. ದೊಡ್ಡ ದನಿಯಲ್ಲಿ, ಮಕ್ಕಳು ಅಳುವ ಹಾಗೆ, ಉಸಿರು ಸಿಗದ ಹಾಗೆ.

ಪಡಸಾಲೆಯಲ್ಲಿ ಜನ ತಿರುಗಿ ನೋಡುತ್ತಿದ್ದರು. ನಾನು ಎದ್ದು ಹೋಗಿ ಬಾಗಿಲು ಹಾಕಿದೆ, ಮೆಲ್ಲಗೆ, ಸಂದಿನಲ್ಲಿ ಯಾರ ಕೈಯೂ ಇಲ್ಲವೆಂದು ನೋಡಿಕೊಂಡು.